ಸೊನ್ನೆ ಹಚ್ಚಿದ ಹೆಸರು

ನಮ್ಮೂರಲ್ಲಿ ಬೆಳಗು ಎಲ್ಲರಿಗೂ ಒಟ್ಟಿಗೆ ಆಗುವುದಿಲ್ಲ. ಪಟ್ಟಿಯಲ್ಲಿ ಹೆಸರು ಬಂದಂತೆ ಆಗುತ್ತದೆ. ಸೂರ್ಯ ಹುಟ್ಟುವುದು ಹೌದು, ಗುಡ್ಡದ ನೆತ್ತಿಯ ಮೇಲೆ ಕೆಂಪಗೆ ಬಂದು ಕೂರುವುದೂ ಹೌದು. ಆದರೆ ಗೋಪುರದ ಮೇಲಿಂದ ನಿಮ್ಮ ಹೆಸರು ಕೂಗುವ ತನಕ ಆ ಬಿಸಿಲು ನಿಮ್ಮದಲ್ಲ. ಕೂಗಿದ ಮೇಲೆ ಬಂದು ಮೈಮೇಲೆ ಇಳಿಯುತ್ತದೆ, ನೀವು ಹೋದಲ್ಲಿ ಹಿಂದೆ ಬರುತ್ತದೆ, ಸೂರ್ಯ ಮುಳುಗುವಾಗ ಎದ್ದು ಹೋಗುತ್ತದೆ. ಬೆಳಕು ಇಳಿಯಿತು ಅಂತ ತಿಳಿಸಲು ಮನೆಯವರು ಒಂದು ಸಲ ತಟ್ಟೆ ಬಡಿಯಬೇಕು. ಆ ಸದ್ದು ಕೇಳಿದ ಮೇಲೆಯೇ ಮುಂದಿನ ಹೆಸರು. ಪಟ್ಟಿ ಬಿಟ್ಟು ಹಿಂದೆ ಮುಂದೆ ಕೂಗಿದರೆ ಬೆಳಕು ಬರುವುದಿಲ್ಲ, ಹಿಂದೆ ಒಬ್ಬ ಹಾಗೆ ಮಾಡಿ ಇಡೀ ಊರಿಗೆ ಒಂದು ದಿನ ಕತ್ತಲೆ ಉಣ್ಣಿಸಿದ್ದ. ಹೊಸಬನೊಬ್ಬ ಬಂದು ಕೂಗಿದರೂ ಅಷ್ಟೇ, ಒಂದು ದನಿಗೆ ಬೆಳಕು ಒಗ್ಗಲು ಮೂರು ತಿಂಗಳು ಬೇಕು. ಈಗ ಕೂಗುವವನು ನಾನು. ಭರಮಪ್ಪ ಅಂತ ಹೆಸರು. ಕೆಳಗೇರಿಯವನು. ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು.

ಬಿಟ್ಟೆ ಅನ್ನುವುದು ತಪ್ಪು. ನಮ್ಮ ಮಾಸ್ತರರು ನಡುಪೇಟೆಯವರು. ಅವರಿಗೆ ಹನ್ನೊಂದಕ್ಕೇ ಬೆಳಕು ಬರುತ್ತಿತ್ತು, ನಮಗೆ ನಾಲ್ಕೂವರೆಯ ಮೇಲೆ. ಅವರು ನಿಂತ ಜಾಗದಲ್ಲಿ ಗೋಡೆಯ ಹಲಗೆ ಝಗಝಗ ಹೊಳೆಯುತ್ತಿತ್ತು, ನನ್ನ ತೊಡೆಯ ಮೇಲಿನ ಪಾಟಿ ನನಗೇ ಕಾಣುತ್ತಿರಲಿಲ್ಲ. ಅಕ್ಷರ ಸೊಟ್ಟ ಅಂತ ಅವರು ದಿನಾ ಬೆರಳ ಗಂಟಿನ ಮೇಲೆ ಹೊಡೆಯುತ್ತಿದ್ದರು. ಒಂದು ದಿನ ಪಾಟಿಯನ್ನು ಆ ಬೆಳಕಿನ ನಡುವಿಗೆ ಬೀಸಿ ಒಗೆದು ಎದ್ದು ಬಂದೆ. ಗುರಿ ಮಾತ್ರ ಸೊಟ್ಟ ಆಗಿರಲಿಲ್ಲ. ನನಗೆ ಸಿಟ್ಟು ಬೇಗ ಬರುತ್ತದೆ ಅಂತ ಊರವರು ಹೇಳುತ್ತಾರೆ. ಬೇಗ ಬರುವುದೇನು ಬಂತು, ಆವತ್ತು ಬಂದದ್ದು ಇನ್ನೂ ಹೋಗೇ ಇಲ್ಲ.

ಊರು ಮೂರು ಪದರು. ಮೇಲೆ ಕೋಟೆ, ಅಲ್ಲಿ ಮುನ್ನೂರು ಹೆಸರು. ನಡುವೆ ಪೇಟೆ, ಐನೂರು. ತಗ್ಗಿನಲ್ಲಿ ಸುಣ್ಣದ ಭಟ್ಟಿಗಳ ಪಕ್ಕ ನಮ್ಮ ಕೆಳಗೇರಿ, ಅಲ್ಲಿಯೂ ಮುನ್ನೂರರ ಮೇಲೆ. ಪಟ್ಟಿಯೂ ಅದೇ ವರಸೆಯಲ್ಲಿ ಇಳಿಯುತ್ತಿತ್ತು. ಕೋಟೆಯವರಿಗೆ ತಟ್ಟೆ ಬಡಿಯುವುದಕ್ಕೂ ಅವಸರವಿರಲಿಲ್ಲ. ನಾನು ಹೆಸರು ಕೂಗಿ ಕಾಯುತ್ತಿದ್ದೆ, ಅವರು ಬೆಳಕಲ್ಲಿ ಮುಖ ತೊಳೆದು, ಚಹಾ ಕುಡಿದು, ಆಮೇಲೆ ನೆನಪಾಗಿ ಟಣ್ ಅನ್ನಿಸುತ್ತಿದ್ದರು. ಅವರ ಒಂದೊಂದು ಗುಟುಕಿಗೂ ನಮ್ಮ ಕೇರಿಯ ಒಬ್ಬರ ಬಿಸಿಲು ಸವೆಯುತ್ತಿತ್ತು. ನಮ್ಮವರು ಅದಕ್ಕೂ ಒಗ್ಗಿದ್ದರು. ಹೆಂಗಸರು ಬೆರಳಲ್ಲೇ ಜೋಳ ಹಸನು ಮಾಡುತ್ತಿದ್ದರು, ಹರಳು ಹಲ್ಲಿಗೆ ಸಿಕ್ಕುವುದು ಕೋಟೆಯ ಮನೆಗಳಲ್ಲಿ, ನಮ್ಮಲ್ಲಲ್ಲ. ಗಂಡಸರು ಭಟ್ಟಿಯ ಬೆಂಕಿಯಲ್ಲೇ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಬಿಸಿಲಿದ್ದವರ ಅಂಗಳಕ್ಕೆ ಹೋಗಿ ನಿಂತರೆ ಆಗದೇನು ಅಂತ ಹೊರಗಿನವರು ಕೇಳಬಹುದು. ಆಗುವುದಿಲ್ಲ. ಹೆಸರು ಕೂಗಿಸಿಕೊಳ್ಳದವನು ಅಲ್ಲಿ ನಿಂತರೆ ಬೆಳಕು ಅವನನ್ನು ಬಳಸಿಕೊಂಡು ಹರಿಯುತ್ತದೆ. ಸಾಮಾನು ಸರಂಜಾಮು ಹೊಳೆಯುತ್ತದೆ, ಮನುಷ್ಯ ಮಾತ್ರ ಮಸಿ ಚೆಲ್ಲಿದ ಹಾಗೆ ಕಪ್ಪಗೆ ನಿಂತಿರುತ್ತಾನೆ. ಕೋಟೆಯ ಮಕ್ಕಳು ನಮ್ಮನ್ನು ಮಸಿ ಅಂತಲೇ ಕರೆಯುತ್ತಿದ್ದರು.

ನನ್ನ ಅಕ್ಕ ಶಾವಂತ್ರಿ ಗಂಡ ಸತ್ತ ಮೇಲೆ ಎಂಟು ತಿಂಗಳ ಕೂಸನ್ನು ಸೊಂಟಕ್ಕೆ ಹಾಕಿಕೊಂಡು ನಮ್ಮ ಮನೆಗೇ ಬಂದಿದ್ದಳು. ಕೂಸಿನ ಹೆಸರು ಕಸ್ತೂರಿ. ವರ್ಷ ತುಂಬಿದರೂ ಅದು ಕಾಲು ಊರಲಿಲ್ಲ. ಹಿಡಿದು ನಿಲ್ಲಿಸಿದರೆ ಮೊಣಕಾಲು ಹೊರಕ್ಕೆ ಬಾಗಿ ಬಿಲ್ಲಿನಂತಾಗುತ್ತಿತ್ತು. ಕಂಪೌಂಡರ್ ದೇವದಾನಿ ಅದರ ಕಾಲನ್ನು ಮುಟ್ಟಿ ನೋಡಿ, ಎಲುಬು ಮೆತ್ತಗಾಗಿದೆ, ಔಷಧ ಏನಿಲ್ಲ, ದಿನಕ್ಕೆ ಮೂರು ತಾಸು ಬೆಳಗಿನ ಬಿಸಿಲು ಬೇಕು, ನಲವತ್ತು ದಿನ ಬಿಡದೆ ಬೇಕು, ಎರಡು ವರ್ಷ ತುಂಬುವುದರೊಳಗೆ ಆಗದಿದ್ದರೆ ಬಾಗಿದ್ದು ಬಾಗಿದ ಹಾಗೇ ಗಟ್ಟಿಯಾಗುತ್ತದೆ ಅಂದ. ಬೆಳಗಿನ ಬಿಸಿಲು ಅಂತ ಕೆಳಗೇರಿಯಲ್ಲಿ ನಿಂತು ಹೇಳಿದ್ದಕ್ಕೆ ಅವನಿಗೇ ನಾಚಿಕೆಯಾಗಿ ಚೀಲ ಎತ್ತಿಕೊಂಡು ಹೋದ. ನಮ್ಮ ಕೇರಿಯಲ್ಲಿ ಬಾಗಿದ ಕಾಲು ಹೊಸದೇನಲ್ಲ. ನಡೆಯುವುದನ್ನು ದೂರದಿಂದ ಕಂಡೇ ಇವನು ಕೆಳಗೇರಿಯವನು ಅಂತ ಹೇಳಬಹುದು.

ಪಟ್ಟಿ ಬರುತ್ತಿದ್ದದ್ದು ಗೋಪುರದ ಬುಡದ ಕಚೇರಿಯಲ್ಲಿನ ಯಂತ್ರದಿಂದ. ಅದರ ಹೊಟ್ಟೆಯಲ್ಲಿ ಊರಿನ ಒಬ್ಬೊಬ್ಬರ ಹೆಸರಿಗೂ ಒಂದೊಂದು ಕಡತ. ಕೋಟೆಯವರ ಹೆಸರನ್ನು ಇಂಗ್ಲಿಷಿನ ದೊಡ್ಡಕ್ಷರದಲ್ಲಿ ಬರೆದಿದ್ದರು, ಪೇಟೆಯವರದನ್ನು ಇಂಗ್ಲಿಷಿನ ಸಣ್ಣಕ್ಷರದಲ್ಲಿ, ನಮ್ಮದನ್ನು ಕನ್ನಡದಲ್ಲಿ. ನಿಮ್ಮ ನುಡಿಯಲ್ಲೇ ಬರೆದು ನಿಮಗೆ ಮರ್ಯಾದೆ ಕೊಟ್ಟಿದ್ದೇವೆ ಅಂತ ಕೋಟೆಯವರು ಹೇಳುತ್ತಿದ್ದರು, ನಮ್ಮ ಹಿರಿಯರು ಅದನ್ನು ನಂಬಿ ತಲೆ ಬಾಗಿಸುತ್ತಿದ್ದರು. ಕಡತದ ಹೆಸರು ತಿದ್ದುವ ಹಕ್ಕು ಕೋಟೆಯ ಕೈಯಲ್ಲಿತ್ತು. ಪಟ್ಟಿ ತೆಗೆಯುವ ಕೆಲಸ ಗೋವರ್ಧನರಾಯರದು. ಕೋಟೆಯವರಾದರೂ ಬಡವರು, ಒಳ್ಳೆಯವರು, ನನಗೆ ಅಕ್ಷರ ಕೂಡಿಸಿ ಓದುವುದನ್ನು ಮತ್ತೆ ಹಚ್ಚಿಕೊಟ್ಟವರು. ಮೂವತ್ತೊಂದು ವರ್ಷ ಪ್ರತಿ ಮುಂಜಾನೆ ಸ್ನಾನ ಮಾಡಿ, ಹಣೆಗೆ ಮುದ್ರೆ ಇಟ್ಟುಕೊಂಡು, ಯಂತ್ರಕ್ಕೆ ತಮ್ಮ ಹೆಸರು ಹೇಳಿ ಒಳಹೊಕ್ಕು ಎರಡೇ ಅಕ್ಷರ ಒತ್ತುತ್ತಿದ್ದರು: ಎಲ್, ಎಸ್. ಹೆಸರುಗಳು ಸಾಲಾಗಿ ಇಳಿದು ಕಾಗದಕ್ಕೆ ಅಚ್ಚಾಗುತ್ತಿದ್ದವು. ಈ ವರಸೆ ಯಾರು ಮಾಡಿದ್ದು ಅಂತ ಕೇಳಿದರೆ ಮೇಲೆ ಕೈ ತೋರಿಸುತ್ತಿದ್ದರು. ಮೇಲೆ ಅಂದರೆ ಕೋಟೆಯಲ್ಲ, ಅದಕ್ಕೂ ಮೇಲೆ.

ಆ ರಾಯರು ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡರು. ಮಾರನೆಯ ಮುಂಜಾನೆ ಕಚೇರಿಯಲ್ಲಿ ನಾನೊಬ್ಬನೇ. ಯಂತ್ರದ ಒಳಹೊಗಲು ಅವರು ಹೇಳುತ್ತಿದ್ದ ಗುಟ್ಟಿನ ಮಾತು ನನಗೆ ಗೊತ್ತಿರಲಿಲ್ಲ, ಜ್ವರ ಏರಿದ ಅವರನ್ನು ಕೇಳುವ ಹಾಗೂ ಇರಲಿಲ್ಲ. ಬೆರಳು ಹೋದಲ್ಲಿ ಒತ್ತುತ್ತ ಹೋದಾಗ ಯಂತ್ರ ಹೊಸಬನಾದರೆ ಹೆಸರು ಹೇಳು ಅಂದಿತು, ಹೇಳಿದೆ. ನುಡಿ ಯಾವುದು ಅಂತ ಕೇಳಿ ಉದ್ದನೆಯ ಸಾಲು ತೋರಿಸಿತು. ಆ ಸಾಲಿನಲ್ಲಿ ತಡವರಿಸದೆ ಓದಲು ಬಂದದ್ದು ಒಂದೇ ಹೆಸರು. ಕನ್ನಡ ಅಂತ ಒತ್ತಿದೆ. ಆಮೇಲೆ ರಾಯರು ಒತ್ತುತ್ತಿದ್ದ ಅದೇ ಎರಡು ಅಕ್ಷರ ಒತ್ತಿದೆ. ಕಾಗದ ಬಂತು. ಕಂದೀಲು ಹತ್ತಿರ ಹಿಡಿದು ನೋಡಿದರೆ ಮೊದಲನೆಯ ಹೆಸರು ಅಂಬವ್ವ, ಭಟ್ಟಿ ಬೂದಿ ಬಾಚುವವಳು. ಎರಡನೆಯದು ಅಡಿವೆಪ್ಪ, ನಮ್ಮ ಹಿತ್ತಲ ಮನೆಯವನು. ಕೆಳಗೇರಿ ಪೂರ್ತಿ ಮುಗಿದ ಮೇಲೆ ಕೋಟೆ ಮತ್ತು ಪೇಟೆ, ಅವೂ ಬೇರೆ ಬೇರೆ ಅಲ್ಲ, ದೊಡ್ಡಕ್ಷರ ಸಣ್ಣಕ್ಷರ ಎರಡೂ ಜೋಳ ಅಕ್ಕಿ ಬೆರೆತ ಹಾಗೆ. ಯಂತ್ರ ಕೆಟ್ಟಿತು ಅಂದುಕೊಂಡು ಮತ್ತೆ ಒತ್ತಿದೆ, ಮತ್ತೆ ಅದೇ ಬಂತು. ಗುಡ್ಡ ಕೆಂಪಾಗುತ್ತಿತ್ತು. ಇದ್ದ ಪಟ್ಟಿಯನ್ನು ಇದ್ದ ಹಾಗೆ ಕೂಗುವುದು ನನ್ನ ಕೆಲಸ. ಗೋಪುರ ಹತ್ತಿ ಅಂಬವ್ವನ ಹೆಸರು ಕೂಗಿದೆ.

ತಟ್ಟೆ ಸದ್ದಾಗಲಿಲ್ಲ. ಮೂರು ಸಲ ಕೂಗಿದ ಮೇಲೆ ಕೆಳಗಿಂದ ಒಂದು ಕಿರುಚು ಕೇಳಿತು. ಅಂಬವ್ವ ಕಣ್ಣು ಮುಚ್ಚಿಕೊಂಡು ಹೊರಗೆ ಓಡಿ ಬಂದು ಮೈಗೆ ಬೆಂಕಿ ಹತ್ತಿದೆ ಅಂತ ನೀರು ಸುರಿದುಕೊಂಡಿದ್ದಳಂತೆ. ಕೆಳಗೇರಿಗೆ ಮೊದಲ ಬೆಳಗು ಬಂದದ್ದು ಹೀಗೆ. ಖುಷಿಪಟ್ಟವರು ಯಾರೂ ಇಲ್ಲ. ಕೋಳಿಗಳು ಕುಕ್ಕೆಯಲ್ಲಿ ಹುಚ್ಚೆದ್ದು ಬಡಿದಾಡಿದವು. ಹುಚ್ಚೀರಜ್ಜ ಅನ್ನುವ ನಮ್ಮ ನೆರೆಯ ಮುದುಕ ತಾನು ಸತ್ತೆ ಅಂತ ತಿಳಿದು ಅಂಗಾತ ಮಲಗಿ ಕೈ ಎದೆಯ ಮೇಲೆ ಜೋಡಿಸಿಕೊಂಡಿದ್ದ, ಮೊಮ್ಮಗ ಬಂದು ಮೂಗು ಹಿಂಡಿದ ಮೇಲೆ ಎದ್ದ. ಹೆಂಗಸರು ತಮ್ಮ ಮನೆಯ ಗೋಡೆಗೆ ಹಿಡಿದ ಕಾಡಿಗೆಯನ್ನು ಮೊದಲ ಸಲ ನೆಟ್ಟಗೆ ನೋಡಿ ಬಾಗಿಲು ಹಾಕಿಕೊಂಡು ತಿಕ್ಕಲು ಕೂತರು. ಅಕ್ಕ ಮಾತ್ರ ಅಂಗಳದಲ್ಲಿ ಕೌದಿ ಹಾಸಿ, ಕಸ್ತೂರಿಯ ಬಟ್ಟೆ ಬಿಚ್ಚಿ ಬಿಸಿಲಿಗೆ ಮಲಗಿಸಿ, ತಾನು ಪಕ್ಕದಲ್ಲಿ ಕೂತು ಅದರ ಕಾಲನ್ನೇ ನೋಡುತ್ತಿದ್ದಳು. ಆ ಕಾಲುಗಳು ಎಷ್ಟು ಸೊಟ್ಟ ಅಂತ ಅವಳಿಗೆ ಆವತ್ತೇ ಗೊತ್ತಾದದ್ದು.

ಹನ್ನೊಂದು ದಿನ ಹೀಗೆ ನಡೆಯಿತು. ಆ ಹನ್ನೊಂದು ದಿನ ನಾನು ಸುಮ್ಮನೆ ಕೂರಲಿಲ್ಲ. ರಾಯರ ಮೇಜಿನ ಖಾನೆಯಲ್ಲಿ ಯಂತ್ರದ ಜೊತೆ ಬಂದ ಹಳೆಯ ಪುಸ್ತಕವಿತ್ತು, ಮೂವತ್ತೊಂದು ವರ್ಷದಲ್ಲಿ ಯಾರೂ ಬಿಚ್ಚದೆ ಹಾಳೆಗೆ ಹಾಳೆ ಅಂಟಿಕೊಂಡಿತ್ತು. ಕೆಳಗೇರಿಗೆ ಅಲ್ಲಿಯ ತನಕ ಬೆಳಕು ಬರುತ್ತಿದ್ದದ್ದೇ ಸಂಜೆಗಾದ್ದರಿಂದ ಓದಿನ ರೂಢಿ ತಪ್ಪಿದ ಕಣ್ಣು, ಆದರೂ ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ಅದರಲ್ಲಿದ್ದದ್ದು ಇಷ್ಟೇ. ಕಡತಗಳಿಗೆ ಹಿಂದೆ ಮುಂದೆ ಅಂತ ಏನೂ ಇಲ್ಲ. ಅವು ಇದ್ದಲ್ಲಿ ಇರುತ್ತವೆ. ಎದುರಿಗೆ ಕೂತವನ ನುಡಿ ಯಾವುದೋ ಆ ನುಡಿಯ ರೂಢಿಯಂತೆ ಯಂತ್ರ ಸಾಲು ಕಟ್ಟಿ ತೋರಿಸುತ್ತದೆ. ಒಂದೇ ಅಪ್ಪಣೆ, ಒಂದೇ ಯಂತ್ರ, ಕೂತವನು ಬದಲಾದರೆ ಸಾಲು ಬದಲು. ಕೂತವನು ಸಿ ಅಂತ ಒಂದೇ ಅಕ್ಷರ ಬರೆದಿಟ್ಟರೆ ಯಾವ ಮನುಷ್ಯರ ನುಡಿಯೂ ನನಗೆ ಬೇಡ ಅಂತ ಅರ್ಥ. ಆಗ ಯಂತ್ರ ತಾನು ಒಂದೊಂದು ಅಕ್ಷರದ ಬೆನ್ನ ಮೇಲೆ ಬರೆದುಕೊಂಡ ಅಂಕಿ ಮಾತ್ರ ನೋಡುತ್ತದೆ, ಸಣ್ಣ ಅಂಕಿ ಮುಂದೆ, ದೊಡ್ಡದು ಹಿಂದೆ. ಇಂಗ್ಲಿಷಿನ ದೊಡ್ಡಕ್ಷರದ ಬೆನ್ನ ಮೇಲೆ ಅರವತ್ತೈದರಿಂದ, ಸಣ್ಣಕ್ಷರದ ಮೇಲೆ ತೊಂಬತ್ತೇಳರಿಂದ. ನಮ್ಮ ಅಕ್ಷರದ ಬೆನ್ನ ಮೇಲೆ ಮೂರು ಸಾವಿರದ ಚಿಲ್ಲರೆ. ರಾಯರಿಗಿಂತ ಮೊದಲು ಪಟ್ಟಿ ತೆಗೆಯುತ್ತಿದ್ದ ಅವರ ಮಾವ ಎಂದೋ ಒಂದು ದಿನ ಆ ಸಿ ಅಕ್ಷರ ಬರೆದಿಟ್ಟು ಸತ್ತಿದ್ದ. ಬೇಕಂತ ಬರೆದನೋ ಗೊತ್ತಿಲ್ಲದೆ ಬರೆದನೋ ದೇವರೇ ಬಲ್ಲ. ಆ ಒಂದು ಅಕ್ಷರದ ಕೆಳಗೆ ನಮ್ಮ ಮೂರು ತಲೆಮಾರು ಕಾಲು ಬಾಗಿಸಿಕೊಂಡು ನಡೆದಿದ್ದವು. ಪುಸ್ತಕ ಮುಚ್ಚಿ ನಾನು ಕಚೇರಿಯ ಗೋಡೆಗೆ ಕೈ ಗುದ್ದಿದೆ. ಎರಡು ಬೆರಳು ಇನ್ನೂ ನೆಟ್ಟಗೆ ಮಡಚುವುದಿಲ್ಲ.

ಕೋಟೆಯವರು ಮೊದಲ ವಾರ ರಾಯರ ಜ್ವರ ಇಳಿದರೆ ಎಲ್ಲ ಸರಿಹೋಗುತ್ತದೆ ಅಂತ ಕಾದರು. ಹನ್ನೆರಡನೆಯ ದಿನ ನನ್ನನ್ನು ಕೋಟೆಯ ಚಾವಡಿಗೆ ಕರೆಸಿದರು. ಅಲ್ಲಿ ಹಿರಿತನ ದೇಸಗತಿಯ ಇಂದುಮತಿಬಾಯಿಯವರದು. ಬೆಳಕು ತಡವಾದದ್ದಕ್ಕಿಂತ ಅವರಿಗೆ ಇನ್ನೊಂದು ದೊಡ್ಡ ನೋವಿತ್ತು. ಹೊಸ ಪಟ್ಟಿಯಲ್ಲಿ ಅವರ ಹೆಸರಿಗೆ ಮುಂದೆ ಬಳೆಗಾರ ಇಮಾಮಸಾಬ, ಹಿಂದೆ ಕ್ಷೌರದ ಇರಪಣ್ಣ. ಅವರಿಬ್ಬರ ನಡುವೆ ಹನ್ನೊಂದು ದಿನ ತಾವು ಬೆಳಗು ಕಂಡದ್ದನ್ನು ಅವರು ಮೂರು ಸಲ ಹೇಳಿದರು. ರಾಯರನ್ನು ಮಂಚ ಸಮೇತ ಹೊತ್ತು ತಂದಿದ್ದರು. ಪುಸ್ತಕ ತೆರೆದಿಟ್ಟು, ಎರಡು ಬಗೆಯ ಪಟ್ಟಿಯನ್ನೂ ಹಾಸಿ, ಇದು ವಿಧಿಯಲ್ಲ, ಒಂದು ಸಾಲು, ಬೇಕೆಂದರೆ ತಿದ್ದಬಹುದು ಅಂತ ನಾನು ಬಿಡಿಸಿ ಹೇಳಿದೆ. ರಾಯರು ಕಾಗದದ ಮೇಲೆ ಬೆರಳಾಡಿಸುತ್ತ ಬಹಳ ಹೊತ್ತು ನೋಡಿದರು.

"ಭರಮಾ, ಇದು ಹಿಂಗೂ ಬರ್ತಿತ್ತೇನೋ?" ಅಂದರು. "ಮೂವತ್ತೊಂದು ವರ್ಷ ನಾ ಇದನ್ನ ದೇವರ ಮಾತು ಅಂತ ತಿಳದು ಮಡಿ ಉಟ್ಟು ಒತ್ತೀನಲ್ಲೋ."

ನಾನು ಕೇಳಿದ್ದು ದೊಡ್ಡದೇನಲ್ಲ. ಒಂದು ದಿನ ನಿಮ್ಮ ಪಟ್ಟಿ, ಒಂದು ದಿನ ನಮ್ಮದು, ಸಾಲು ತಿದ್ದಲು ಒಂದು ಚಿಟಿಕೆ ಹೊತ್ತೂ ಹಿಡಿಯುವುದಿಲ್ಲ ಅಂದೆ. ಇಂದುಮತಿಬಾಯಿಯವರು ನಕ್ಕರು. ಅವರು ಸಿಟ್ಟಾಗುವ ಪೈಕಿಯಲ್ಲ, ಅದೇ ನನಗೆ ಉರಿಯುವುದು.

"ನಿನ್ನ ಮ್ಯಾಲೆ ನಮಗ ಸಿಟ್ಟಿಲ್ಲ, ಭರಮಪ್ಪ. ಗೊತ್ತಿರಲಿಲ್ಲ, ಒತ್ತಿದಿ."

"ಆವಾಗ ಗೊತ್ತಿರಲಿಲ್ಲ, ಬಾಯಾರ. ಈಗ ಗೊತ್ತೈತಿ."

"ಗೊತ್ತಿದ್ದದ್ದನ್ನ ಮರಿಯೂದೂ ಒಂದು ವಿದ್ಯಾನ. ನಿಮ್ಮಕ್ಕನ ಕೂಸಿಗೆ ಎಷ್ಟು ದಿನ ಬಿಸಿಲು ಬೇಕಂತ ಹೇಳ್ಯಾನ ದೇವದಾನಿ?"

ಎಲ್ಲ ತಿಳಿದುಕೊಂಡೇ ಕರೆಸಿದ್ದರು. ಅವರ ಮಾತು ಹೀಗಿತ್ತು. ಪುಸ್ತಕದಲ್ಲೇ ಇರುವಂತೆ ಎಲ್ಲ ಸಾಲುಗಳನ್ನೂ ಮೆಟ್ಟಿ ನಿಲ್ಲುವ ಇನ್ನೊಂದು ಸಾಲಿದೆ, ಎಲ್‌ಸಿ ಆಲ್ ಅಂತ. ಅದರ ಮುಂದೆ ಸಿ ಅಂತ ಬರೆದು ಯಂತ್ರದ ಬೇರಿಗೇ ಹಾಕಿಬಿಟ್ಟರೆ ಯಾರು ಬಂದು ಕೂತರೂ, ಯಾವ ನುಡಿ ಹೇಳಿದರೂ, ಪಟ್ಟಿ ಹಳೆಯ ವರಸೆಯಲ್ಲೇ ಬರುತ್ತದೆ. ಅದನ್ನು ನಾನು ನನ್ನ ಕೈಯಾರೆ ಬರೆಯಬೇಕು, ಪುಸ್ತಕ ಅವರಿಗೆ ಕೊಡಬೇಕು, ಕೇರಿಯಲ್ಲಿ ಯಂತ್ರ ಕೆಟ್ಟಿತ್ತು, ಈಗ ಸರಿಯಾಯಿತು ಅನ್ನಬೇಕು. ಬದಲಿಗೆ ಕಸ್ತೂರಿಯ ಹೆಸರೊಂದನ್ನು ಮಾತ್ರ ಕೋಟೆಯ ಸಾಲಿಗೆ ದೊಡ್ಡಕ್ಷರದಲ್ಲಿ ಬರೆದುಕೊಡುತ್ತಾರೆ. ಒಂದು ಹೆಸರು. ಇಲ್ಲವಾದರೆ ಹೊಸ ಕೂಗುವವನನ್ನು ಕೂರಿಸುತ್ತಾರೆ, ಬೆಳಕು ಒಗ್ಗುವ ಮೂರು ತಿಂಗಳು ಇಡೀ ಊರು ಕತ್ತಲೆಯಲ್ಲಿ ಕೂತರೂ ಸರಿ. ಕಸ್ತೂರಿಗೆ ಎರಡು ತುಂಬಲು ಉಳಿದದ್ದು ಮೂರೇ ತಿಂಗಳು. ಆ ಲೆಕ್ಕವನ್ನೂ ಅವರು ನನಗಿಂತ ಮೊದಲೇ ಹಾಕಿದ್ದರು.

ಮನೆಗೆ ಬಂದು ಅಕ್ಕನಿಗೆ ಹೇಳಿ, ಆಗುವುದಿಲ್ಲ ಅಂತ ಅವರ ಮುಖಕ್ಕೆ ಹೇಳಿ ಬರುತ್ತೇನೆ ಅಂದೆ. ಅವಳು ಕೂಸಿನ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದಳು, ಕೈ ನಿಲ್ಲಿಸಲಿಲ್ಲ. ಹನ್ನೊಂದು ದಿನಕ್ಕೇ ಈ ಮೊಣಕಾಲು ಗಟ್ಟಿ ಬಿಗಿದದ್ದು ನಿನ್ನ ಕೈಗೆ ಗೊತ್ತಾಗುವುದಿಲ್ಲ, ನನ್ನ ಕೈಗೆ ಗೊತ್ತಾಗುತ್ತದೆ ಅಂದಳು. ಇಡೀ ಕೇರಿಯ ಬೆಳಕು ಮಾರಿ ಒಂದು ಕೂಸಿಗೆ ಕೊಳ್ಳುವುದೇನು ಅಂತ ನಾನು ದನಿ ಏರಿಸಿದೆ.

"ನಿನ್ನ ಸಿಟ್ಟು ಎಲುಬು ಗಟ್ಟಿ ಮಾಡೂದಿಲ್ಲೋ ತಮ್ಮಾ," ಅಂದಳು. "ಮಾಡೂದಿದ್ರ ನಮ್ಮ ಕೇರ್ಯಾಗ ಎಲ್ಲಾರೂ ನೆಟ್ಟಗ ನಡೀತಿದ್ರು."

ಬರೆದೆ. ಮರೆಮಾಚುವುದೇನು, ನನ್ನ ಕೈಯಲ್ಲೇ ಬರೆದೆ, ಗುದ್ದಿ ಊದಿಸಿಕೊಂಡಿದ್ದ ಅದೇ ಕೈಯಲ್ಲಿ. ಕೋಟೆಯ ಗುಮಾಸ್ತ ಪಕ್ಕದಲ್ಲಿ ಕೂತು ಕಸ್ತೂರಿಯ ಕಡತದ ಹೆಸರು ತಿದ್ದಿದ. ದೊಡ್ಡಕ್ಷರದಲ್ಲಿ ಬರೆದು ಒಂದು ಗಳಿಗೆ ಯೋಚಿಸಿದ. ಹೀಗೇ ಬಿಟ್ಟರೆ ನಾಳೆ ಇದು ಕೋಟೆಯ ಕೂಸೇ ಅಂತ ಯಾರಾದರೂ ತಿಳಿದಾರು ಅಂತ ಅವನಿಗೆ ಹೆದರಿಕೆ. ಗುರುತಿಗೆ ಇರಲಿ ಅಂತ ಹೆಸರಿನ ಮುಂದೆ ಒಂದು ಸೊನ್ನೆ ಹಚ್ಚಿದ. ಸೊನ್ನೆ ಅಂದರೆ ಏನೂ ಅಲ್ಲದ್ದು ತಾನೇ ಅಂತ ಹಲ್ಲು ಬಿಟ್ಟ. ಪುಸ್ತಕ ಓದದವನು. ಓದಿದ್ದರೆ ಸೊನ್ನೆಯ ಬೆನ್ನ ಮೇಲೆ ಇರುವುದು ನಲವತ್ತೆಂಟು, ಯಾವ ದೊಡ್ಡಕ್ಷರಕ್ಕಿಂತಲೂ ಕಡಿಮೆ ಅಂತ ಗೊತ್ತಾಗುತ್ತಿತ್ತು. ನನಗೆ ಗೊತ್ತಿತ್ತು. ಬಾಯಿ ಮುಚ್ಚಿಕೊಂಡಿದ್ದೆ.

ಮಾರನೆಯ ಮುಂಜಾನೆ ಪಟ್ಟಿಯ ಮೇಲ್ತುದಿಗೆ ಕಸ್ತೂರಿ ಇದ್ದಳು. ಅವಳ ಹಿಂದೆ ಕೋಟೆ. ಗುಮಾಸ್ತ ಬೆವರಿದ, ಇಂದುಮತಿಬಾಯಿಯವರ ತನಕ ಸುದ್ದಿ ಹೋಯಿತು, ಆದರೆ ಸೊನ್ನೆ ತೆಗೆದರೆ ಕೂಸು ಕೋಟೆಯವರ ನಡುವೆ ಎಲ್ಲೋ ಬೆರೆತು ಕೂರುತ್ತದೆ. ಬೆರಕೆಯಾಗುವುದಕ್ಕಿಂತ ಒಂದು ತಟ್ಟೆಯ ಹೊತ್ತು ಕಾಯುವುದು ಲೇಸು ಅಂತ ಅವರು ತೀರ್ಮಾನಿಸಿದರು. ನಾನು ಗೋಪುರದಿಂದ ಆ ಹೆಸರು ಕೂಗಿದೆ. ಕತ್ತಲಿನ ಊರಿನ ಅತ್ಯಂತ ತಗ್ಗಿನಲ್ಲಿ, ನಮ್ಮ ಅಂಗಳದಲ್ಲಿ, ಕೌದಿಯಷ್ಟಗಲದ ಬೆಳಕು ಬಿತ್ತು. ಅಕ್ಕ ತಟ್ಟೆ ಬಡಿದಳು. ಅವಳು ಅಂಚಿಗೆ ಮೆಲ್ಲಗೆ ಬಡಿಯುವವಳು, ಸದ್ದು ಎಳೆದುಕೊಂಡು ಬರುತ್ತದೆ. ಎರಡನೆಯ ಹೆಸರಿಗೆ ಹೋದೆ.

ಕೂಸಿನ ಕಾಲು ದಿನದಿನಕ್ಕೆ ಗಟ್ಟಿಯಾಯಿತು. ಆದರೆ ಮನೆಯಲ್ಲಿ ಇನ್ನೊಂದು ಶುರುವಾಯಿತು. ಕಸ್ತೂರಿ ಬೆಳಕಲ್ಲಿ ಆಡುತ್ತಿರುವಾಗ ಅಕ್ಕ ಎತ್ತಿಕೊಳ್ಳಲು ಹೋದರೆ ಎರಡು ಕಪ್ಪು ಕೈ ಬಂದಂತಾಗಿ ಅದು ಚಿಟ್ಟನೆ ಚೀರುತ್ತಿತ್ತು. ಎದೆಗೆ ಹಚ್ಚಿಕೊಂಡರೂ ಮುಖ ಕಾಣದೆ ಮೊಲೆ ಬಿಟ್ಟು ಅಳುತ್ತಿತ್ತು. ಸಂಜೆ ಅಕ್ಕನಿಗೆ ಬೆಳಕು ಬಂದಾಗ ಅದಕ್ಕೆ ನಿದ್ದೆ. ಕೇರಿಯವರು ಮೊದಮೊದಲು ನಮ್ಮ ಅಂಗಳದ ಸುತ್ತ ಬಂದು ಸುಮ್ಮನೆ ಕೂತು ನೋಡುತ್ತಿದ್ದರು. ಯಂತ್ರ ಕೆಟ್ಟಿತ್ತು ಅನ್ನುವ ನನ್ನ ಸುಳ್ಳನ್ನು ಯಾರೂ ನಂಬಿರಲಿಲ್ಲ, ಬಾಯಿಬಿಟ್ಟು ಹೇಳಿರಲೂ ಇಲ್ಲ. ಅಡಿವೆಪ್ಪ ಮಾತ್ರ ದಾರಿಯಲ್ಲಿ ಸಿಕ್ಕಾಗ, ಹ್ಯಾಂಗೈತಪಾ ನಿಮ್ಮ ಕ್ವಾಟಿ ಕೂಸು, ಅಂತ ಕೇಳಿ ಉಗುಳಿ ಹೋಗುತ್ತಿದ್ದ. ಮೂವತ್ತಾರನೆಯ ದಿನ ಹುಚ್ಚೀರಜ್ಜ ತನ್ನ ಮರಿಮಗನನ್ನು ಎತ್ತಿಕೊಂಡು ಬಂದ. ಅದಕ್ಕೂ ಅದೇ ಕಾಲು. ಮುದುಕ ಏನೂ ಕೇಳದೆ ಅದನ್ನು ಕಸ್ತೂರಿಯ ಮಗ್ಗುಲಲ್ಲಿ, ಬೆಳಕಿನ ನಟ್ಟನಡುವೆ ಮಲಗಿಸಿದ. ಬೆಳಕು ಅದನ್ನು ಬಳಸಿಕೊಂಡು ಹರಿಯಿತು. ಹೊಳೆಯುವ ಕೌದಿಯ ಮೇಲೆ ಕೂಸಿನಾಕಾರದ ಒಂದು ಮಸಿ. ಕಸ್ತೂರಿ ಅದನ್ನು ಕಂಡು ಹೆದರಿ ಕಾಲಿಂದ ಒದ್ದಳು. ಗಟ್ಟಿಯಾದ ಕಾಲು. ಮುದುಕ ಮರಿಮಗನನ್ನು ಎತ್ತಿಕೊಂಡು ತಪ್ಪಾತವ್ವ ಅಂದು ಹೋದ.

ಆವತ್ತು ಸಂಜೆ ಅಕ್ಕ ತನ್ನ ಪಾಲಿನ ಬೆಳಕಿನಲ್ಲಿ ತಟ್ಟೆಯನ್ನು ಹುಣಸೆಹಣ್ಣು ಹಾಕಿ ಬೆಳಗಿದಳು. ಉಜ್ಜಿ ಉಜ್ಜಿ ಅದರಲ್ಲಿ ತನ್ನ ಮುಖ ನೋಡಿಕೊಂಡಳು. ಕಂಪೌಂಡರ್ ಹೇಳಿದ ನಲವತ್ತಕ್ಕೆ ಇನ್ನು ನಾಲ್ಕು ದಿನವಿದೆ ಅಂತ ನಾನು ಏನೋ ಸಮಾಧಾನ ಹೇಳಲು ಹೋದೆ. ನಾಲ್ಕು ದಿನ ಮುಗಿಯಲಿ ಅಂದಳು.

ನಲವತ್ತೊಂದನೆಯ ಮುಂಜಾನೆ ಎಂದಿನಂತೆ ಸೊನ್ನೆ ಹಚ್ಚಿದ ಹೆಸರು ಕೂಗಿದೆ. ಕೆಳಗೆ ಬೆಳಕು ಬಿತ್ತು. ತಟ್ಟೆ ಸದ್ದಾಗಲಿಲ್ಲ. ಮತ್ತೆ ಕೂಗಿದೆ. ಆ ಮೌನದಲ್ಲಿ ನನಗೆ ಅರ್ಥವಾಯಿತು. ಕೋಟೆಯವರು ಚಹಾ ಕುಡಿಯುವಾಗ ನಮ್ಮವರು ಕಾದ ಹಾಗೆ ಈಗ ಇಡೀ ಊರು ನನ್ನ ಅಕ್ಕನ ಕೈಗಾಗಿ ಕಾಯುತ್ತಿತ್ತು. ಗುಡ್ಡದ ಮೇಲೆ ಸೂರ್ಯ ಒಂದು ಗೇಣು ಏರಿದ. ಮೇಲಿಂದ ಕೋಟೆಯವರು ಸಿಟ್ಟಿನಿಂದ ತಮ್ಮ ತಟ್ಟೆಗಳನ್ನು ಬಡಿಯತೊಡಗಿದರು, ಮುನ್ನೂರು ತಟ್ಟೆ ಒಟ್ಟಿಗೆ, ಒಂದಕ್ಕೂ ಬೆಲೆಯಿಲ್ಲ. ಜನ ಕಂದೀಲು ಹಿಡಿದು ಗೋಪುರದ ಬುಡಕ್ಕೆ ಬಂದರು. ನಾನು ಮೇಲಿನ ಬಾಗಿಲ ಅಗಳಿ ಹಾಕಿಕೊಂಡು ಕೆಳಗೆ ಬಗ್ಗಿ, ಒಂದು ದಿನ ನಿಮ್ಮ ಪಟ್ಟಿ, ಒಂದು ದಿನ ನಮ್ಮದು, ಆ ಸಾಲು ತೆಗೆಯಿರಿ, ಪುಸ್ತಕ ತಂದು ಚಾವಡಿಯಲ್ಲಿ ಎಲ್ಲರಿಗೂ ಕಾಣುವಂತೆ ಇಡಿ ಅಂತ ಕೂಗಿ ಹೇಳಿದೆ. ಇಂದುಮತಿಬಾಯಿಯವರು ಈ ಸಲ ನಗಲಿಲ್ಲ. ನಾಲ್ಕು ಜನರನ್ನು ಕೆಳಗೇರಿಗೆ ಓಡಿಸಿದರು.

ಅಷ್ಟರಲ್ಲಿ ರಾಯರ ಸೊಸೆ ಬಂದಳು. ಮಾವ ಕೊನೆಯುಸಿರಲ್ಲಿದ್ದಾರೆ, ಬಿಸಿಲು ಬಂತೇನು ಅಂತ ಕೇಳುತ್ತಿದ್ದಾರೆ, ಅವರ ಹೆಸರೊಂದನ್ನು ಕೂಗು ಅಂದಳು. ನನ್ನ ಕಾಗದದಲ್ಲಿ ಅವರು ಎಪ್ಪತ್ತೆರಡನೆಯವರು.

"ನಿನಗ ಅಕ್ಷರ ಹಚ್ಚಿಕೊಟ್ಟವರು, ಭರಮಪ್ಪ," ಅಂದಳು ಅವಳು.

ಪಟ್ಟಿ ಬಿಟ್ಟು ಕೂಗಿದರೆ ಬರುವುದಿಲ್ಲ, ತಟ್ಟೆ ಸದ್ದಾಗಬೇಕು ಅಂದೆ. ಅದು ನಿಜವೇ. ಆಗಲೇ ಕೆಳಗಿಂದ ತಟ್ಟೆ ಸದ್ದಾಯಿತು. ನಡುವಿಗೆ ಜೋರಾಗಿ ಬಡಿದ ಸದ್ದು. ಅಂಚಿನದಲ್ಲ. ಅಕ್ಕನ ಕೈಯದಲ್ಲ. ಗೋಪುರದಿಂದ ಕಾಣುತ್ತಿದ್ದದ್ದು ಇಷ್ಟು: ಊರಲ್ಲೆಲ್ಲ ಅದೊಂದೇ ಬೆಳಕು, ಅದರಲ್ಲಿ ಕೂಸು, ಸುತ್ತ ಮಸಿಗಳು ಮಸಿಗಳ ಮೇಲೆ ಬಿದ್ದು ಎಳೆದಾಡುತ್ತಿದ್ದವು. ಯಾವುದು ಅಕ್ಕ, ಯಾವುದು ಕೋಟೆಯವರು ಅಂತ ಗೊತ್ತಾಗುತ್ತಿರಲಿಲ್ಲ. ಕತ್ತಲೆಯಲ್ಲಿ ಅವರೂ ನಮ್ಮ ಬಣ್ಣವೇ. ಕೆಳಗೆ ರಾಯರ ಸೊಸೆ ಕೈ ಮುಗಿದು ನಿಂತಿದ್ದಳು. ಕೈ ಯಾರದಾದರೂ ಆ ಮನೆಯ ತಟ್ಟೆಯೇ ಸದ್ದಾಗಿತ್ತು. ಇನ್ನು ನನಗೆ ನೆಪ ಉಳಿದಿರಲಿಲ್ಲ. ಎಪ್ಪತ್ತೆರಡು ಹೆಸರು ಅಂದರೆ ಮುಕ್ಕಾಲು ತಾಸಿನ ದಾರಿ.

ನಾನು ಕೂಗಲಿಲ್ಲ. ರಾಯರು ಮಧ್ಯಾಹ್ನ ಕತ್ತಲೆಯಲ್ಲೇ ಹೋದರು. ಅದನ್ನು ಯಾರ ಮೇಲೂ ಹಾಕಬೇಡಿ, ನನ್ನ ಮೇಲೇ ಹಾಕಿ. ಆವತ್ತು ನಮ್ಮ ಕೇರಿಗೂ ಸಂಜೆಯ ಆ ತುಣುಕು ಬಿಸಿಲು ಸಿಗಲಿಲ್ಲ, ಹುಚ್ಚೀರಜ್ಜನ ಮರಿಮಗನಿಗೂ ಇಲ್ಲ, ಅದೂ ನನ್ನದೇ. ಬಾಗಿಲನ್ನು ಅವರು ಕೊಡಲಿಯಿಂದ ಕಡಿಯುತ್ತಿದ್ದರು. ಹಳೆಯ ಕಾಲದ ಮರ, ಬೇಗ ಬಗ್ಗುವಂಥದ್ದಲ್ಲ.

ಕೆಳಗೇರಿಯ ಎಳೆದಾಟದಲ್ಲಿ ತಟ್ಟೆ ಯಾರ ಕೈಯಿಂದಲೋ ಜಾರಿ ಉರುಳುತ್ತ ಬೆಳಕಿನೊಳಗೆ ಬಂದು ಬಿದ್ದು ಫಳಫಳ ಹೊಳೆಯಿತು. ಕಸ್ತೂರಿ ಅಂಬೆಗಾಲಲ್ಲಿ ಹೋಗಿ ಅದನ್ನು ಹಿಡಿದಳು, ಅಂಚನ್ನು ಬಾಯಿಗಿಟ್ಟು ಚೀಪಿದಳು, ಆಮೇಲೆ ನೆಲಕ್ಕೆ ಕುಕ್ಕಿದಳು. ಸದ್ದು ಹಿಡಿಸಿತು. ಮತ್ತೆ ಕುಕ್ಕಿದಳು. ಮಸಿಗಳೆಲ್ಲ ಒಮ್ಮೆಗೇ ನಿಂತವು. ಆಮೇಲೆ ಅವಳು ತಟ್ಟೆಯನ್ನೇ ಊರಿಕೊಂಡು ಎದ್ದು ನಿಂತಳು, ಎರಡೂ ಕಾಲ ಮೇಲೆ ನೆಟ್ಟಗೆ, ಒಂದು ಗಳಿಗೆ, ಮತ್ತೆ ದೊಪ್ಪನೆ ಕೂತು ಬಡಿಯತೊಡಗಿದಳು. ಒಂದಲ್ಲ, ಹತ್ತಲ್ಲ. ಬೆಳಕು ಯಾರ ಮೇಲೆ ಇಳಿದಿತ್ತೋ ಅವರದೇ ಕೈಯ ಸದ್ದು. ಅದಕ್ಕಿಂತ ಖರೆ ಸದ್ದು ಈ ಊರಲ್ಲಿ ಎಂದೂ ಆಗಿರಲಿಲ್ಲ. ಒಂದೊಂದಕ್ಕೂ ನಾನು ಒಂದೊಂದು ಹೆಸರು ಕೂಗಬೇಕಿತ್ತು.

ಬಡಿ ಮಗಳೇ, ಅಂದೆ. ಕೋಟೆಯ ಮೊದಲ ಹೆಸರು ನನ್ನ ನಾಲಗೆಯ ಮೇಲೆ ಬಂದು ಕೂತಿತ್ತು. ಹಿಂದೆ ಕೊಡಲಿ ಬೀಳುತ್ತಿತ್ತು. ಹಲ್ಲು ಕಚ್ಚಿ ಅದನ್ನು ಅಲ್ಲೇ ಹಿಡಿದುಕೊಂಡು, ಅವಳ ಮೇಲಿನ ಬಿಸಿಲು ಎದ್ದು ಹೋಗುವ ತನಕ ನೋಡುತ್ತ ನಿಂತೆ.